ಗೋಡೆ ಬಿಟ್ಟು

ಕುತೈಸಿಯ ಆಸ್ಪತ್ರೆ, ಎರಡನೆಯ ಮಹಡಿ, ಕಿಟಕಿಯಿಲ್ಲದ ಕೋಣೆ.
ಈ ತಿಂಗಳು ಇಲ್ಲಿಗೆ ರೋಗಿಗಳು ಬರುವಂತಿಲ್ಲ.
ಜೋಮು ಹಿಡಿಯದವರು, ಸಕ್ಕರೆ ಏರದವರು,
ಕೈ ಉರಿಯೆಂದು ನಡುರಾತ್ರಿ ಎದ್ದು ಕೂರದವರು
ಮಾತ್ರ ಬರಬೇಕು, ಬೂಟು ಬಿಚ್ಚಿ ಮಲಗಬೇಕು.

ಕೆಟ್ಟ ನರ ಎಷ್ಟು ಊದಿದೆ ಎನ್ನಲು
ಕೆಡದ ನರ ಎಷ್ಟಿರುತ್ತದೆಂದು ಮೊದಲು ಗೊತ್ತಿರಬೇಕಲ್ಲ.
ಪುಸ್ತಕದಲ್ಲಿರುವುದು ಯಾವುದೋ ದೂರದ ಊರಿನ ತೋಳು,
ನಮ್ಮವರದು ಬೇಕು, ನೂರು ಜನ ಬೇಕು,
ಎಂದಿದ್ದರು ಡಾಕ್ಟರ್ ಎತೇರಿ.
ನನ್ನ ಪಟ್ಟಿಯಲ್ಲಿ ನಿನ್ನೆಯವರೆಗೆ ನಲವತ್ತು.

ನಲವತ್ತೊಂದನೆಯವನು ಜಾಲಿಕೊ, ಮಕತುಬಾನಿಯವನು,
ವೈನು ತುಂಬುವ ಆಳೆತ್ತರದ ಗುಡಾಣ ಮಾಡುವ ಕುಂಬಾರ.
ವಯಸ್ಸು ಅರವತ್ತಮೂರು.
ಆಸಾಮಿ ನರಪೇತಲ, ಅಂಗೈ ಮಾತ್ರ ಇಬ್ಬರಿಗಾಗುವಷ್ಟು,
ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕೆಂಪು.
'ತಣ್ಣಗಿರುತ್ತೆ' ಎಂದೆ, ಜೆಲ್ ಹಾಕುತ್ತ.
'ಮಾರ್ಚಿನ ಜೇಡಿಗಿಂತಲೂ?' ಎಂದ.

ಮಣಿಕಟ್ಟಿನ ಮೇಲೆ ಪ್ರೋಬು ಇಟ್ಟೆ, ಒತ್ತದೆ.
ಒತ್ತಿದರೆ ನರ ಚಪ್ಪಟೆಯಾಗುತ್ತದೆ,
ಒತ್ತಿಸಿಕೊಂಡವರು ಎಲ್ಲಿ ನಿಜ ಹೇಳಿದ್ದಾರೆ.
ತೆರೆಯ ತುಂಬ ಬೂದಿ. ಬೂದಿಯಲ್ಲಿ
ಯಾರೋ ಮುರಿದು ಬಿಟ್ಟ ಜೇನುಹುಟ್ಟಿನ ಚೂರು,
ಅದರ ಅಕ್ಕಪಕ್ಕ ಅದರಂತೆಯೇ ತೋರುವ ಇನ್ನೂ ಐದಾರು.
'ಬೆರಳು ಮಡಚಿ.' ಮಡಚಿದ.
ರಜ್ಜುಗಳೆಲ್ಲ ದಡಬಡ ಓಡಿದವು.
ಒಂದು ಮಾತ್ರ ತುಸು ಮಗ್ಗುಲು ಬದಲಿಸಿ
ಸುಮ್ಮನೆ ಮಲಗಿತು.
ಅದೇ, ಎಂದೆ. ಸುದ್ದಿ ಒಯ್ಯುತ್ತದೆ, ತಾನು ಓಡುವುದಿಲ್ಲ.

ಚಿತ್ರ ನಿಲ್ಲಿಸಿ ಗೆರೆ ಎಳೆಯತೊಡಗಿದೆ,
ನರದ ಬಿಳಿ ಅಂಚಿನ ಒಳಬದಿಗೇ ತಾಗಿಸಿಕೊಂಡು, ಸುತ್ತ.
ಅಂಚು ಲೆಕ್ಕಕ್ಕಿಲ್ಲ.
ಕತ್ತು ಹೊರಳಿಸಿ ನೋಡುತ್ತಿದ್ದವನು
'ಗೋಡೆ ಬಿಟ್ಟು ಅಳೀತೀಯೇನು?' ಎಂದ.
ಹೌದೆಂದೆ.
'ನಾವೂ ಹಾಗೇ. ಒಳಗೆ ಎಷ್ಟು ಹಿಡಿಸುತ್ತೋ ಅದೇ ಗುಡಾಣ.
ಗೋಡೆ ಮಣ್ಣಿನದು, ಹೇಗೂ ಕುತ್ತಿಗೆವರೆಗೂ
ಮಣ್ಣಿಗೇ ಹೂಳ್ತಾರೆ.'

ಒಂಬತ್ತು ಚದರ ಮಿಲಿಮೀಟರು.
ಮತ್ತೆ ಅಳೆದೆ, ಎಂಟೂ ಮುಕ್ಕಾಲು.
ಮತ್ತೆ, ಒಂಬತ್ತೂ ಕಾಲು.
ಮೂರರ ಸರಾಸರಿ ಒಂಬತ್ತು.
ಹುರುಳಿಕಾಳನ್ನು ಅಡ್ಡ ಕೊಯ್ದರೆ ಕಾಣುವಷ್ಟು ಜಾಗ.
'ಇಷ್ಟೇನಾ?
ನಲವತ್ತೈದು ವರ್ಷದ ಜೇಡಿ
ಇಷ್ಟು ಸಂದಿಯಲ್ಲೇ ತೂರಿಕೊಂಡು ಬಂತಾ ನನ್ನ ತಲೆಗೆ?'

ಮೊಣಕೈಗೆ ಬಂದೆ. ಚಿಕ್ಕಂದಿನಲ್ಲಿ ಬಾಗಿಲಿಗೆ ತಗುಲಿ
ಕಿರುಬೆರಳವರೆಗೂ ಜುಮ್ಮೆನ್ನಿಸಿದ ಆ ನರಕ್ಕೆ.
ಆಮೇಲೆ ಕಾಲು, ಹರಡಿನ ಒಳಬದಿ.
ಆಮೇಲೆ ಮೀನಖಂಡದ ಹಿಂದೆ, ತೆಳ್ಳನೆಯದೊಂದು,
ಸಿಕ್ಕಿತು ಎನ್ನುವಷ್ಟರಲ್ಲಿ ಕೊಬ್ಬಿನಲ್ಲಿ ಮರೆಯಾಗುವಂಥದ್ದು.

ಬೋರಲು ಮಲಗಿದ್ದವನು ದಿಂಬಿಗೆ ಹೇಳಿದ:
'ಸಿದೋನಿಯಳಿಗೂ ಇಲ್ಲೇ ನೋಡಿದ್ರು.
ಎಂಟು ವರ್ಷವಾಯಿತು.
ಚಪ್ಪಲಿ ಕಳಚಿ ಬಿದ್ದರೂ ಕಾಲಿಗೆ ಗೊತ್ತಾಗುತ್ತಿರಲಿಲ್ಲ ಅವಳಿಗೆ.
ನರ ದಪ್ಪಗಾಗಿರಬಹುದು ಅಂದರು.
ಅವಳದು ಇರುವುದೇ ಹಾಗಿರಬಹುದು ಅಂತಲೂ ಅಂದರು.
ಪಕ್ಕದಲ್ಲಿಟ್ಟು ನೋಡೋಕೆ
ಬೇರೆ ಯಾರದೂ ಇರಲಿಲ್ಲವಂತೆ.'

ನನ್ನ ಕೈ ನಿಂತಿತ್ತು. ಜೆಲ್ ಕಾಲಿನಿಂದ ಇಳಿದು
ಹಾಸಿಗೆಯ ಕಾಗದಕ್ಕೆ ಅಂಟುತ್ತಿತ್ತು.
'ಆಗಲೇ ನನ್ನ ಕಾಲು ಕೇಳಿದ್ದರೆ ಕೊಡುತ್ತಿದ್ದೆ.
ಪಕ್ಕದ ಬೆಂಚಿನ ಮೇಲೇ ಕೂತಿದ್ದೆ,
ಅವಳ ಕೋಟು ಹಿಡಿದುಕೊಂಡು.'
ಏನು ಹೇಳಲಿ. ಅಲುಗಾಡಬೇಡಿ ಎಂದೆ.
ಅವನು ಅಲುಗಾಡಿಯೇ ಇರಲಿಲ್ಲ.

ನಲವತ್ತೊಂದು, ಗಂಡು, ಅರವತ್ತಮೂರು,
ಬಲ ಮಣಿಕಟ್ಟು ಒಂಬತ್ತು, ದೋಷವಿಲ್ಲ.
ಹೆಂಡತಿಗೆ, ಬೆಂಚಿಗೆ ಪಟ್ಟಿಯಲ್ಲಿ ಅಂಕಣವಿಲ್ಲ.

ಎದ್ದು ಕೂತು ಕಾಗದದಿಂದ ಒರೆಸಿಕೊಂಡ.
ಉಳಿದ ಚೂರು ಜೆಲ್ಲನ್ನು ಹೆಬ್ಬೆರಳು ತೋರುಬೆರಳ ನಡುವೆ
ತಿಕ್ಕಿ, ಎಳೆದು, ನೋಡಿದ.
'ನೀರು ಜಾಸ್ತಿಯಾಗಿದೆ ಇದಕ್ಕೆ' ಎಂದ.
ಹೊರಗೆ ನಲವತ್ತೆರಡನೆಯವಳು ಆಗಲೇ
ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಳು.